ಮಾವ ತಟ್ಟಿದ ಬಾಗಿಲು

ಬೂಟ್ ಪಾಲಿಷಿನ ವಾಸನೆ ಮೂಗಿಗೆ ಬಡಿದರೆ ಸಾಕು, ಶಕ್ತಿನಗರದ ನಮ್ಮ ಹಳೆಯ ಮನೆಯ ಜಗಲಿ ಕಣ್ಣೆದುರು ಬರುತ್ತದೆ. ಅಲ್ಲೀಗ ಅಪಾರ್ಟ್‌ಮೆಂಟ್ ಎದ್ದಿದೆ. ನಿಮಗೂ ಇಂಥದೊಂದು ಜಗಲಿ ಇದ್ದಿರಬಹುದು. ಅಮ್ಮನ ಅಣ್ಣ, ನನ್ನ ಮಾವ, ಸೈನ್ಯದಿಂದ ಬಂದವರು ಪಣಂಬೂರಿನಲ್ಲಿ ಕಾವಲು ಕೆಲಸಕ್ಕೆ ಸೇರಿದ್ದರು. ಸಂಜೆ ಬೂಟು ಉಜ್ಜಿಟ್ಟು, ಬೇಯಿಸಿದ ಹಲಸಿನ ಬೀಜ ಸುಲಿದು ನಮ್ಮ ಕೈಗೆ ಹಾಕುತ್ತಾ, ಲಂಕೆಯ ಅಂತರ್ಯುದ್ಧಕ್ಕೆ ಹೋಗಿದ್ದ ಕಥೆ ಹೇಳುತ್ತಿದ್ದರು. ಬಂದೂಕು ಹಿಡಿದು ಮನೆಯ ಬಾಗಿಲು ತಟ್ಟಿದ ಕಥೆ ಅದು. ಒಮ್ಮೆ ಹೇಳಿದಾಗ ಬಾಗಿಲು ತೆರೆದವಳು ಮುದುಕಿ. ಇನ್ನೊಮ್ಮೆ ಹಾಲುಗಲ್ಲದ ಹುಡುಗ. ಮತ್ತೊಮ್ಮೆ ಒಳಗೆ ಯಾರೂ ಇಲ್ಲ, ಒಲೆಯ ಮೇಲೆ ಅನ್ನ ಮಾತ್ರ ಕುದಿಯುತ್ತಿತ್ತು. ಅಷ್ಟಕ್ಕೇ ನಿಲ್ಲಿಸಿ ಮಾವ ಎದ್ದುಬಿಡುತ್ತಿದ್ದರು.

ಬಂಗುಡೆಯ ಕಿವಿರು ಎತ್ತಿ ನೋಡದೆ ಮೀನು ಕೊಳ್ಳದ ಅಮ್ಮನ ಮಗಳು ನಾನು. ಯಾರ ಮಾತನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ಮಾವ ರೈಲು ಬಿಡುತ್ತಿದ್ದಾರೆ ಎಂಬ ಗುಮಾನಿ ಹುಟ್ಟಿ, ಪ್ರತಿ ಸಲದ ಕಥೆಯನ್ನೂ ಗುಟ್ಟಾಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಎಂಟನೇ ತರಗತಿಯಲ್ಲಿ ಸಮಾಜದ ಮಾಸ್ಟ್ರು ಯುದ್ಧದ ಪಾಠಕ್ಕೆ ಮಾವನನ್ನೇ ಕರೆಸಿದರು. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದ ಮಾವ ಅಂದು ಮುದುಕಿಯ ಕಥೆ ಹೇಳಿದರು. ನಾನು ಎದ್ದು ನಿಂತೆ. "ಸರ್, ಇವರು ಪ್ರತಿ ಸಲ ಬೇರೆ ಬೇರೆ ಹೇಳ್ತಾರೆ," ಎಂದು ಮೂರನ್ನೂ ತಾರೀಕಿನ ಸಮೇತ ಓದಿದೆ. ತರಗತಿಗೆ ತರಗತಿಯೇ ನಕ್ಕಿತು. ಮಾವ ಮೇಜಿನ ಅಂಚು ಹಿಡಿದುಕೊಂಡು, "ಹೌದು ಮಗಾ, ನೀನು ಬರೆದದ್ದು ಸರಿ ಉಂಟು," ಎಂದಷ್ಟೇ ಹೇಳಿ ಹೊರಟರು. ಆಮೇಲೆ ಜಗಲಿಯಲ್ಲಿ ಬೀಜ ಸುಲಿದುಕೊಟ್ಟರೇ ಹೊರತು ಕಥೆ ಹೇಳಲಿಲ್ಲ. ಸುಳ್ಳು ಹಿಡಿದೆನೆಂಬ ಹೆಮ್ಮೆ ನನಗೆ ಬಹಳ ವರ್ಷ ಇತ್ತು. ಹೇಳಲು ನಾಚಿಕೆಯಾಗುತ್ತದೆ.

ಈಗ ನಾನೂ ಚರಿತ್ರೆ ಕಲಿಸುತ್ತೇನೆ. ಅದೇ ಯುದ್ಧವನ್ನು ಸೈನಿಕರ ಬಾಯಿಮಾತಿನಿಂದಲೇ ಮಕ್ಕಳಿಗೆ ಹೇಳಬೇಕೆಂದು ಹೊರಟಾಗ ಮಾವ ತೀರಿಹೋಗಿ ವರ್ಷವಾಗಿತ್ತು. ಉಳ್ಳಾಲದಲ್ಲಿ ಮಗಳ ಜೊತೆಗಿದ್ದ ಮಾಮಿಯನ್ನು, ಮಾವನ ಹೆಂಡತಿಯನ್ನು, ಹುಡುಕಿಕೊಂಡು ಹೋದೆ.

"ಮಾಮಿ, ಆ ಮೂರರಲ್ಲಿ ನಿಜ ಯಾವುದು?"

ಇನ್ನೂ ಪರೀಕ್ಷೆ ಮಾಡುತ್ತಿದ್ದಾಳೆಯೇ ಇವಳು ಎಂಬಂತೆ ಮಾಮಿ ನನ್ನನ್ನು ನೋಡಿದರು. "ಎಂತ ಮಾರಾಯ್ತಿ, ಒಂದೇ ಮನೆ ಅಂತ ನಿನಗೆ ಹೇಳಿದ್ದು ಯಾರು? ಅದು ಮೂರು ಮನೆ."

ಅಂದು ತರಗತಿಯಲ್ಲಿ ಎದ್ದು ನಿಂತವಳು ಕೇಳಬೇಕಿದ್ದದ್ದು ಒಂದೇ ಪ್ರಶ್ನೆ: ಮಾವ, ಇನ್ನೂ ಎಷ್ಟು ಮನೆ ಉಂಟು? ಕೇಳಿದ್ದರೆ ಅವರು ಹೇಳುತ್ತಿದ್ದರು. ಹೇಳಲೆಂದೇ ಅಲ್ಲಿಯವರೆಗೆ ಬಂದಿದ್ದರು.