ದಾರದ ಮೇಲೆ ಬಿದ್ದ ಹರಳು

ಕೊಪ್ಪಳದ ಮನೆಯಲ್ಲಿ ಮೊದಲ ಮಳೆಯ ವಾಸನೆ ಬಂದರೆ ಈಗಲೂ ಯಲಬುರ್ಗಾ ಕಡೆಯ ಅತ್ತೆಯ ಹೊಲ ನೆನಪಾಗುತ್ತದೆ. ಅಲ್ಲಿ ಸಿಡಿಲು ಬಡಿದಾಗ ನಾನು ನೋಡುತ್ತ ನಿಂತಿದ್ದೆ. ಬೇವಿನ ಕೆಳಗಿದ್ದ ಕುರಿಗಳು ನಿಂತಲ್ಲೇ ಒರಗಿದವು. ಸದ್ದು ನೆನಪಿಲ್ಲ. ಸುಟ್ಟ ಉಣ್ಣೆಯ ವಾಸನೆ ನೆನಪಿದೆ.

ಅತ್ತೆಯವೂ, ನಾವು ಕಾಕಾ ಎನ್ನುತ್ತಿದ್ದ ನೆರೆಯವನವೂ ಕೆಂಪು ಕುರಿಗಳೇ. ಒಂದೇ ಬಯಲಲ್ಲಿ ಮೇಯುತ್ತಿದ್ದವು. ತಳಿ ಬೆರೆಯದಂತೆ ಟಗರುಗಳನ್ನು ಮಾತ್ರ ಬೇರೆ ಕಟ್ಟುತ್ತಿದ್ದರು. ದೊಡ್ಡ ಕುರಿಗಳ ಕಿವಿಯಲ್ಲಿ ಆಯಾ ಮನೆಯ ಗುರುತಿಗೆ ಕೊಯ್ದ ಕಚ್ಚು ಇತ್ತು. ಆ ವಾರ ಹುಟ್ಟಿದ ಮರಿಗಳಿಗೆ ಇನ್ನೂ ಹಾಕಿರಲಿಲ್ಲ. ತಾಯಿ ಉಳಿದ ಮರಿಗಳು ತಾವೇ ಮೊಲೆ ಹುಡುಕಿಕೊಂಡವು. ತಾಯಿ ಸತ್ತ ಮರಿಗಳು ಯಾರವೆಂದು ತಿಳಿಯಲಿಲ್ಲ. ಜಗಳವೇನೂ ಆಗಲಿಲ್ಲ. ಆದರೆ ಆ ಸಂಜೆ ಇಬ್ಬರೂ ಚಹಾ ಬೇರೆ ಬೇರೆ ಕುಡಿದರು. ಹಿಂದೆಂದೂ ಹಾಗಾಗಿರಲಿಲ್ಲ, ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

ಆಗ ನಾನು ಸಂಖ್ಯಾಶಾಸ್ತ್ರ ಓದುತ್ತಿದ್ದೆ. ಮರುದಿನ ಬೆಳಿಗ್ಗೆ ಟೇಪು ಹಿಡಿದು, ಮೊದಲು ತಾಯಿ ಇದ್ದ, ಯಾರವೆಂದು ಗೊತ್ತಿದ್ದ ಮರಿಗಳನ್ನು ಅಳೆದೆ.

"ಮರೀಗೆ ಅಂಗಿ ಹೊಲಿಸ್ತಿಯೇನಪಾ?" ಎಂದ ಕಾಕಾ.

"ಕಾಲು ಗಟ್ಟಿ ಹಿಡಿ, ಮಾತು ಕಡಿಮಿ ಮಾಡು," ಎಂದಳು ಅತ್ತೆ. ಹಿಂದಿನ ಸಂಜೆಯಿಂದ ಅವನೊಡನೆ ಅವಳಾಡಿದ ಮೊದಲ ಮಾತು ಅದು.

ಅತ್ತೆಯ ಮರಿಗಳ ಕಿವಿ ತುಸು ಉದ್ದ, ಕಾಕಾನವುಗಳ ಕಾಲು ತುಸು ಎತ್ತರ. ಒಂದನ್ನೇ ನಂಬಿದರೆ ತಪ್ಪುತ್ತಿತ್ತು. ಅಂಗಳದಲ್ಲಿ ಇದ್ದಿಲಿನಿಂದ ಎರಡು ಗೆರೆ ಎಳೆದೆ: ಅಡ್ಡಕ್ಕೆ ಕಿವಿ, ಉದ್ದಕ್ಕೆ ಕಾಲು. ಎರಡು ಅಳತೆ ಕೂಡುವಲ್ಲಿ ಅತ್ತೆಯ ಮರಿಗೆ ಜೋಳದ ಕಾಳು, ಕಾಕಾನದಕ್ಕೆ ತೊಗರಿ ಕಾಳು ಇಟ್ಟೆ. ಜೋಳ ಒಂದು ಕಡೆ, ತೊಗರಿ ಇನ್ನೊಂದು ಕಡೆ ನೆರೆದವು. ನಡುವೆ ಓರೆಯಾಗಿ ಉಣ್ಣೆಯ ದಾರ ಹಾಸಿದೆ.

ಆಮೇಲೆ ತಬ್ಬಲಿಗಳನ್ನು ಅಳೆದು, ಒಂದೊಂದಕ್ಕೂ ಒಂದು ಹರಳು ಇಟ್ಟೆ. ಒಂದೊಂದೂ ಒಂದು ಪಕ್ಕ ಸೇರಿತು. ಕೊನೆಯದು ಹೆಣ್ಣುಮರಿ. ಅದರ ಹರಳು ದಾರದ ಮೇಲೇ ಬಿತ್ತು. ಅತ್ತೆ ನನ್ನನ್ನೇ ನೋಡುತ್ತಿದ್ದಳು. ದಾರ ಸರಿಸುವುದು ಕಷ್ಟವಿರಲಿಲ್ಲ.

"ಇದು ಯಾರದಂತ ನನಗ ಹೇಳಾಕ ಬರೂದಿಲ್ಲ," ಎಂದೆ.

"ಅಷ್ಟು ಓದಿ ಇದೊಂದು ಗೊತ್ತಾಗವಲ್ದೇನು?" ಕಾಕಾ ನಕ್ಕ.

"ಗೊತ್ತಿಲ್ಲದ್ದು ಗೊತ್ತಿಲ್ಲ ಅಂದ. ಅದಕ್ಕ ಉಳಿದದ್ದು ಖರೇ ಅಂತ ತಿಳಿ," ಎಂದಳು ಅತ್ತೆ. "ನಿನ್ನ ಕುರಿ ಒಂದು ಮರಿ ಕಳಕೊಂಡೈತಿ, ಅದು ಹಾಲು ಕುಡಿಸ್ಲಿ. ಮಲಗಾಕ ನಮ್ಮ ಹಟ್ಟೀಗೆ ಬರ್ಲಿ."

"ಆತು ಬಿಡಕ್ಕ. ಮೊದಲು ಚಾ ಇಡು."

ಉಳಿದ ಮರಿಗಳಿಗೆ ಕಚ್ಚು ಹಾಕಿದರು. ಆ ಹೆಣ್ಣುಮರಿಯ ಕಿವಿಗಳು ಮಾತ್ರ ಕೊನೆಯವರೆಗೂ ಇಡಿಯಾಗಿಯೇ ಇದ್ದವು.