ಶನಿವಾರ ಬಂದ ಚಾಕು

ನಾನು ಎಡಚಿ. ತವರಿನಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಯಶವಂತಪುರದ ಮನೆಗೆ ಬಂದೆ ನೋಡಿ, ಮೊದಲ ದಿನವೇ ನಾನು ಬದನೆಕಾಯಿ ಹೆಚ್ಚುವುದನ್ನು ಕಂಡ ಅತ್ತೆ ಹಾಲು ಉಕ್ಕಿಹೋದಂತೆ ಗಾಬರಿಬಿದ್ದರು.

"ಅಯ್ಯೋ, ಎಡಗೈಲಿ ಹೆಚ್ತೀಯಾ? ಹೀಗ್ ಹೆಚ್ಚಿದ್ದನ್ನ ದೇವ್ರಿಗೆ ಹೇಗೇ ಇಡೋದು? ಬಲಗೈಗೆ ತಗೊಳ್ಳೇ."

ತೆಗೆದುಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಪಾಡು. ಹುರುಳಿಕಾಯಿಯ ಒಂದು ತುಂಡು ಕಾಳಿನಷ್ಟಿದ್ದರೆ ಇನ್ನೊಂದು ಬೆರಳಿನಷ್ಟು. ಮಾವನವರು ಹುಳಿಯಲ್ಲಿ ಸಿಕ್ಕ ಕುಂಬಳದ ಹೋಳನ್ನು ಎತ್ತಿ ಹಿಡಿದು, "ಇದನ್ನ ಬಾಯಿಗೆ ಹಾಕೋದೋ, ಒಲೆಗೆ ಹಾಕೋದೋ?" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ, ಒಳಗೊಳಗೇ ಮಾತ್ರ ಮೈ ಉರಿಯುತ್ತಿತ್ತು. ಕೈ ಚುರುಕಾದ ಹುಡುಗಿ ಎಂದು ಹೊಗಳಿಸಿಕೊಂಡು ಬೆಳೆದವಳು ನಾನು. ಈ ಮನೆಯಲ್ಲಿ ಜೀವನವಿಡೀ ಕೈಲಾಗದವಳು ಅನ್ನಿಸಿಕೊಂಡೇ ಇರಬೇಕೇನೋ ಎಂದು ನಿಜಕ್ಕೂ ದಿಗಿಲಾಗಿತ್ತು.

ಅತ್ತೆ ದೇವಸ್ಥಾನಕ್ಕೆ ಹೋದಾಗ ಕದ್ದು ಎಡಗೈಯಲ್ಲಿ ಹೆಚ್ಚಿ ನೋಡಿದೆ. ಆಗಲೂ ಸರಿಹೋಗಲಿಲ್ಲ. ಅತ್ತೆಗೆ ಮಂಡಿನೋವು ಬಂದ ಮೇಲೆ ಈಳಿಗೆಮಣೆ ಅಟ್ಟ ಸೇರಿ, ಕಟ್ಟೆಯ ಮುಂದೆ ನಿಂತು ಹೆಚ್ಚಲು ಕಮ್ಮಾರನಿಂದ ಮಾಡಿಸಿದ ಚಾಕು ಬಂದಿತ್ತು. ಅದನ್ನು ಒಂದೇ ಪಕ್ಕಕ್ಕೆ ಮಸೆದಿದ್ದರು, ಬಲಗೈಯವರಿಗೆ ಬೇಕಾದ ಪಕ್ಕಕ್ಕೆ. ಎಡಗೈಗೆ ಬಂದರೆ ಅದು ಹಟಮಾರಿ ಕರುವಿನ ಹಾಗೆ ತನಗೆ ಬೇಕಾದ ಕಡೆಗೇ ಎಳೆಯುತ್ತಿತ್ತು.

ನನ್ನ ಗೋಳು ಕೇಳಿ ಕೇಳಿ ಸಾಕಾಗಿ ನಮ್ಮ ಯಜಮಾನರು ಒಂದು ಸಂಜೆ ಸಿನಿಮಾಕ್ಕೆಂದು ಹೇಳಿ ನನ್ನನ್ನು ಗೊರಗುಂಟೆಪಾಳ್ಯದ ಕುಲುಮೆಗೆ ಕರೆದುಕೊಂಡು ಹೋದರು. ತುಮಕೂರು ರಸ್ತೆಯ ಲಾರಿಗಳಿಂದ ಕಳಚಿದ ಸ್ಪ್ರಿಂಗ್ ಪಟ್ಟಿಗಳನ್ನೇ ಕಾಯಿಸಿ ಬಡಿದು ಆ ಕಮ್ಮಾರ ಚಾಕು ಮಾಡುತ್ತಿದ್ದ. ಅವನದೊಂದು ಕ್ರಮವಿತ್ತು. ಹಸಿಮಣ್ಣಿನ ಮುದ್ದೆ ಕೊಟ್ಟು, ಚಾಕು ಹಿಡಿದಂತೆ ಹಿಡಿಯಲು ಹೇಳುತ್ತಿದ್ದ. ಅದರಲ್ಲಿ ಮೂಡಿದ ಬೆರಳಿನ ಗುರುತು ನೋಡಿಕೊಂಡು ಮರದ ಹಿಡಿ ಕೆತ್ತುತ್ತಿದ್ದ, ಅಲಗನ್ನೂ ಆ ಕೈಗೆ ಬೇಕಾದ ಪಕ್ಕಕ್ಕೇ ಮಸೆಯುತ್ತಿದ್ದ. ನಾನು ಎಡಗೈ ಚಾಚಿದೆ. "ಓ, ಇಂಗಾ," ಎಂದನೇ ಹೊರತು ಮತ್ತೇನೂ ಕೇಳಲಿಲ್ಲ. ಆ ಒಂದು ಮಾತಿಗೆ ಅವನಿಗೆ ಕೈಮುಗಿಯಬೇಕು ಅನ್ನಿಸಿತು.

ಚಾಕು ಸಿದ್ಧವಾದಾಗ ಯಜಮಾನರು ಒಂದು ಎಡವಟ್ಟು ಮಾಡಿದರು. ಫ್ಯಾಕ್ಟರಿಯಲ್ಲಿ ಅರ್ಧ ದಿನದ ಕೆಲಸವೆಂದು ಶನಿವಾರವೇ ಹೋಗಿ ತಂದುಬಿಟ್ಟರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಶನಿವಾರ ಕಬ್ಬಿಣ ಹೊಸ್ತಿಲು ದಾಟಿಸ್ತಾರೇನೋ? ನಿಂಗೆ ಬುದ್ಧಿ ಇದ್ಯಾ?"

"ಈಗೇನಮ್ಮ, ಇದನ್ನ ಹಿಡ್ಕೊಂಡು ರಾತ್ರಿಯೆಲ್ಲಾ ಗೇಟ್ ಹತ್ರ ನಿಂತ್ಕೊಳ್ಳಾ?"

ಕೊನೆಗೆ ಚಾಕುವನ್ನು ಪಕ್ಕದ ಮನೆಯಲ್ಲಿ ಇಡುವುದೆಂದಾಯಿತು. ಅಲ್ಲಿದ್ದ ಮುಸ್ಲಿಂ ಗೃಹಿಣಿಯನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಅತ್ತೆಯೊಂದಿಗೆ ಲೋಕದ ಸಮಾಚಾರವನ್ನೆಲ್ಲ ಮಾತಾಡುತ್ತಿದ್ದವರು. ಅದು ಎಡಗೈಯ ಚಾಕು ಎಂದು ಅತ್ತೆಗೂ ಗೊತ್ತಿರಲಿಲ್ಲ, ಖಾಲಾಗೂ ಗೊತ್ತಿರಲಿಲ್ಲ. ಒಳ್ಳೆಯ ಸಮಯ ನೋಡಿ ಹೇಳೋಣ ಎಂದು ನಾವಿಬ್ಬರೂ ಹೇಡಿಗಳು ಮುಂದೂಡುತ್ತಲೇ ಬಂದಿದ್ದೆವು.

ಭಾನುವಾರ ಬೆಳಿಗ್ಗೆ ಖಾಲಾ ಚಾಕು ತಂದರು. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಗೋಡೆಯ ಮೇಲಿಟ್ಟು, "ಅಮ್ಮಾ, ಇದು ಉಲ್ಟಾ ಮಾಡ್ಬಿಟ್ಟವ್ನೆ. ವಾಪಸ್ ಕೊಟ್ಬಿಡಿ," ಎಂದರು.

ಅತ್ತೆಯ ಗಮನವೆಲ್ಲ ಬೇರೆಯದರ ಮೇಲೆ. "ಏನ್ ಹೆಚ್ಚಿದ್ರಿ ಇದ್ರಲ್ಲಿ?"

"ತೋಬಾ ತೋಬಾ! ನಿಮ್ಮನೆ ಸಾಮಾನು ಅಂತ ಗೊತ್ತಿಲ್ವಾ ನಂಗೆ? ಬರೀ ಸೌತೆಕಾಯಿ ಅಮ್ಮಾ. ಸೀದಾ ಹೋಗಲ್ಲ, ಓರೆ ಓಡ್ತದೆ."

ಅತ್ತೆ ಚಾಕುವನ್ನು ನೇರ ಅಡುಗೆಮನೆಗೆ ಒಯ್ದು ಸೌತೆಕಾಯಿಯ ಮೇಲಿಟ್ಟರು. ಬಲಗೈಯಲ್ಲಿ ಅದು ಓರೆಯಾಗಿಯೇ ಇಳಿಯಿತು. ಅಲಗನ್ನು ತಿರುಗಿಸಿ ನೋಡಿದರು, ನನ್ನನ್ನು ನೋಡಿದರು. ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. ಬೈಗುಳಕ್ಕೆ ತಯಾರಾಗಿ ನಿಂತೆ.

ಬೈಗುಳ ಬರಲಿಲ್ಲ. ಚಾಕು ಅವರ ಎಡಗೈಗೆ ಬಂತು. ಟಕಟಕಟಕ ಎಂದು ಸೌತೆಕಾಯಿ ಹಪ್ಪಳದಷ್ಟು ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಬಿತ್ತು. ಅವರು ಕೈಯತ್ತ ನೋಡಲೂ ಇಲ್ಲ. ಕಾಯಿ ಮುಗಿದ ಮೇಲೆ ಬೆಚ್ಚಿದವರಂತೆ ಚಾಕು ಕೆಳಗಿಟ್ಟರು.

"ಚಿಕ್ಕೋಳಿದ್ದಾಗ ನಮ್ಮಮ್ಮ ಈ ಕೈನ ಬೆನ್ನಿಗೆ ಕಟ್ಟಿ ಊಟಕ್ಕೆ ಕೂರಿಸೋರು," ಎಂದರು. "ಮರೆತೇಹೋಗಿದೆ ಅಂದ್ಕೊಂಡಿದ್ದೆ ಕಣೇ."

ಅಷ್ಟು ದಿನ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಎಡಗೈ ಹಿಡಿದುಕೊಂಡು ಅತ್ತುಬಿಟ್ಟೆ. "ಸಾಕು, ನೈವೇದ್ಯಕ್ಕೆ ಮಾತ್ರ ಬಲಗೈ, ಮಿಕ್ಕಿದ್ದು ನಿನ್ನಿಷ್ಟ," ಎಂದು ಕೈ ಬಿಡಿಸಿಕೊಂಡರು. ಆ ವಾರದ ಹುಳಿ ತಿಂದು ಮಾವನವರು ನಗಲು ಕಾರಣ ಸಿಗದೆ ಬೇಜಾರು ಮಾಡಿಕೊಂಡರು.

ಆಮೇಲೆ ನನಗೆ ಚಾಕುವಿನ ಹುಚ್ಚೇ ಹಿಡಿಯಿತು. ಹೆಬ್ಬಾಳದಲ್ಲೋ ಯಲಹಂಕದಲ್ಲೋ ಬಸ್ಸಿನ ಕಿಟಕಿಯಿಂದ ಕುಲುಮೆಯ ಹೊಗೆ ಕಂಡರೆ ಇಳಿದುಬಿಡುತ್ತಿದ್ದೆ. ಸೊಪ್ಪಿಗೊಂದು, ಹಲಸಿನಹಣ್ಣಿಗೊಂದು, ಸುಮ್ಮನೆ ಚೆಂದಕ್ಕೊಂದು. ಅತ್ತೆ ಮಾತ್ರ ನಾನಿಲ್ಲದಾಗ ನನ್ನ ಮೊದಲ ಚಾಕುವನ್ನೇ ಕದ್ದು ಬಳಸುತ್ತಿದ್ದರು. ಅದರ ಹಿಡಿ ನನ್ನ ಬೆರಳಿನ ಅಳತೆಯದು, ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ನಿಮಗೇ ಒಂದು ಮಾಡಿಸೋಣ ಬನ್ನಿ ಅತ್ತೆ."

"ಹೋಗೇ, ಈ ವಯಸ್ಸಲ್ಲಿ, ನಾಲ್ಕು ಜನರ ಮುಂದೆ!"

ಬೊಬ್ಬೆ ಒಡೆದ ಮೇಲೆ ಹೊರಟರು, ಶನಿವಾರವಲ್ಲ ತಾನೇ ಎಂದು ಕ್ಯಾಲೆಂಡರ್ ನೋಡಿಕೊಂಡು. ಕುಲುಮೆಯಲ್ಲಿ ಕುಡುಗೋಲು ತಟ್ಟಿಸಲು ಬಂದ ಹೆಂಗಸರು, ಒಬ್ಬ ಲಾರಿ ಡ್ರೈವರ್, ಎಲ್ಲರೂ ನೋಡುತ್ತಿದ್ದರು. ಕಮ್ಮಾರ ಮಣ್ಣಿನ ಮುದ್ದೆ ಮುಂದೆ ಹಿಡಿದ.

"ಯಾವ್ ಕೈಗವ್ವಾ?"

ಅತ್ತೆಯ ಬಲಗೈ ಅರ್ಧ ಮೇಲೆದ್ದಿತು. ಆ ಕೈ ಮೆಲ್ಲಗೆ ಸೆರಗಿನೊಳಗೆ ವಾಪಸಾಯಿತು.

"ಎಡಗೈಗೆ," ಎಂದರು ಅತ್ತೆ, ಸುತ್ತಿಗೆ ಸದ್ದನ್ನೂ ಮೀರಿ ಕೇಳುವಷ್ಟು ಜೋರಾಗಿ. ಮುದ್ದೆಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬೆರಳ ಸಂದಿಯಿಂದ ಮಣ್ಣು ಹೊರಬಂತು.

"ಮೆತ್ಗೆ ಇಡೀರವ್ವ," ಎಂದು ಕಮ್ಮಾರ ನಕ್ಕ, "ಎಲ್ಲೂ ಓಗಲ್ಲ ಅದು."

ಅತ್ತೆ ಹಿಡಿತ ಸಡಿಲಿಸಲಿಲ್ಲ.