ದೀಪ ನೋಡುತ್ತಿದ್ದವರು

ನಮ್ಮ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ನೆಟ್‌ವರ್ಕ್ ರಿಪೇರಿಗೆ ಬರುತ್ತಿದ್ದವರು ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಪುಟ್ಟ ದೀಪಗಳನ್ನೇ ನೋಡುತ್ತಿದ್ದರು. ಏನು ಕೇಳಿದರೂ ಒಂದೇ ಮಾತು: "ತಡಿ, ದೀಪ ಯೋಳ್ತವೆ."

ಒಂದು ಬೆಳಿಗ್ಗೆ ಹರಾಜಿನ ನಡುವೆ ಕಂಪ್ಯೂಟರುಗಳೆಲ್ಲ ನಿಂತವು. ಕೈಲಾಂಚದ ರೈತರೊಬ್ಬರು ಕೂಗಾಡಿದರು: "ಇವತ್ತು ಮಾರ್ದೆ ಇದ್ರೆ ಚಿಟ್ಟೆ ಗೂಡು ಕೊರ್ಕಂಡು ಆಚೆ ಬತ್ತದೆ. ಆಮೇಲ್ ಯಾರ್ ತಗಂತಾರೆ, ನಿಮ್ಮಪ್ಪನಾ?"

ರಿಪೇರಿಯವರು ಬಂದು ಕೂತರು. ದೀಪಗಳೆಲ್ಲ ಒಟ್ಟಿಗೇ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಎರಡೂ ತುದಿ ಅದೇ ಸ್ವಿಚ್ಚಿಗೆ ಸಿಕ್ಕಿಸಿದ್ದ ಒಂದು ವೈರನ್ನು ಕಿತ್ತರು.

"ಹೋದ್ ಮಾತೇ ಸುತ್ಕಂಡು ಸುತ್ಕಂಡು ಬತ್ತಿತ್ತು. ಮಿಕ್ಕಿದ್ ಮಾತ್ಗೆ ದಾರಿನೇ ಇರ್ನಿಲ್ಲ."

ಹರಾಜು ಮತ್ತೆ ಶುರುವಾಯಿತು.

ಅವತ್ತು ಹರಾಜಿನ ನಡುವೆ ಮೇಜು ಒರೆಸುವಾಗ, ಜೋತಾಡುತ್ತಿದ್ದ ಆ ವೈರಿನ ಒಂದು ತುದಿಯನ್ನು ಖಾಲಿ ತೂತಿಗೆ ಸಿಕ್ಕಿಸಿದ್ದವನು ನಾನು. "ಯಾರ್ಲಾ ಇದ್ ಮಾಡಿದ್ದು?" ಎಂದು ರೈತರು ಕೇಳಿದಾಗ ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದೆ. ರಿಪೇರಿಯವರು ಒಮ್ಮೆ ನನ್ನ ಮುಖ ನೋಡಿದರು.

"ನಾನೇ ಕಣಣ್ಣ, ಹೋದ್ ವಾರ ಬಂದಾಗ ಕೀಳೋದ್ ಮರ್ತ್‌ಬುಟ್ಟಿದ್ದೆ."

ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೋದರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ಆ ರೈತರು ಗೂಡು ತಂದಾಗಲೆಲ್ಲ ಈಗಲೂ ಅವರನ್ನೇ ಬೈಯುತ್ತಾರೆ. ಇವತ್ತಾದರೂ ಹೇಳಿಬಿಡೋಣವೆಂದು ಎದ್ದು ನಿಲ್ಲುತ್ತೇನೆ, ಮತ್ತೆ ಕೂರುತ್ತೇನೆ.